ಸಂಗಾತಿ ‘ಅವನು’ ಅಲ್ಲ, ‘ಅವಳು’ ಅಲ್ಲ; ಆತ್ಮಕಥನದಲ್ಲಿ ಹೇಗೆ ಬರೆಯಲಿ?

ನಿಮ್ಮ ಪ್ರಶ್ನೆ ಇಷ್ಟು: ಮಗು ಹೆತ್ತವರು ನೀವು, ಸಂಗಾತಿ ತಮ್ಮನ್ನು ಗಂಡು ಅಂತಲೂ ಹೆಣ್ಣು ಅಂತಲೂ ಕರೆದುಕೊಳ್ಳುವುದಿಲ್ಲ, ನೀವು ಬಸುರಿಯಾಗಿದ್ದಾಗಲೇ ಅವರು ಟೆಸ್ಟೋಸ್ಟೆರಾನ್ (ದನಿ ಗಡಸಾಗಿಸಿ ಗಡ್ಡ ಬರಿಸುವ ಹಾರ್ಮೋನು) ಶುರು ಮಾಡಿದರು. ಬರೆಯಲು ಕೂತರೆ ಮೂರನೇ ವಾಕ್ಯಕ್ಕೇ ಪೆನ್ನು ನಿಲ್ಲುತ್ತಿದೆ.

ಮೊದಲು ವ್ಯಾಕರಣ ಇತ್ಯರ್ಥ ಮಾಡಿಕೊಳ್ಳಿ, ಕಥೆ ಆಮೇಲೆ. ಕನ್ನಡದಲ್ಲಿ ಸರ್ವನಾಮ ಬಿಟ್ಟು ಹೆಸರನ್ನೇ ಬಳಸಿದರೂ ಪ್ರಯೋಜನವಿಲ್ಲ, ಏಕೆಂದರೆ ಲಿಂಗ ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ. ಸಂಗಾತಿಯ ಹೆಸರು ಶಶಿ ಅಂದುಕೊಳ್ಳೋಣ. ‘ಶಶಿ ಬಂದ’, ‘ಶಶಿ ಬಂದಳು’ ಅಂದ ಕೂಡಲೇ ತೀರ್ಪು ಕೊಟ್ಟ ಹಾಗೆ.

ತಪ್ಪಿಸಿಕೊಳ್ಳಲು ಕಿಂಡಿಗಳೂ ಇವೆ. ‘ಶಶಿ ಬರಲಿಲ್ಲ’, ‘ಶಶಿ ಬರಬೇಕಿತ್ತು’, ‘ಶಶಿಗೆ ಸಿಟ್ಟು ಬಂತು’, ‘ಬಾಗಿಲು ತೆರೆದದ್ದು ಶಶಿ’, ‘ಶಶಿ ಇನ್ನೂ ಅಡುಗೆಮನೆಯಲ್ಲೇ’ – ಇವುಗಳಲ್ಲಿ ಲಿಂಗ ಕಾಣುವುದಿಲ್ಲ. ಒಂದೆರಡು ಪುಟ ಇದರಲ್ಲಿ ದಾಟಬಹುದು. ಅದಕ್ಕಿಂತ ಹೆಚ್ಚು ಎಳೆದರೆ ‘ತೆರೆದದ್ದು, ಹೇಳಿದ್ದು, ಹೋದದ್ದು’ ಅಂತ ಪಂಚನಾಮೆ ಓದಿದಂತಾಗುತ್ತದೆ. ಓದುಗರು ಶಶಿಯನ್ನು ಮರೆತು, ಲೇಖಕರು ಏನನ್ನು ಮುಚ್ಚಿಡುತ್ತಿದ್ದಾರೆ ಅಂತ ಹುಡುಕತೊಡಗುತ್ತಾರೆ.

‘ಅವರು’ ಸುಲಭದ ದಾರಿ. ಆದರೆ ಒಂದೇ ಹಾಸಿಗೆ ಹಂಚಿಕೊಂಡವರ ನಡುವೆ ಬಹುವಚನ ಬಂದರೆ ಸಲುಗೆ ಹೋಗುತ್ತದೆ. ‘ಇವರು’ ಅಂತೂ ಬೇಡವೇ ಬೇಡ. ಹೆಂಗಸೊಬ್ಬರು ‘ಇವರು ಹೇಳಿದರು’ ಅಂದರೆ ನಮ್ಮ ಕಿವಿಗೆ ಕೇಳುವುದು ‘ನನ್ನ ಗಂಡ’ ಅಂತಲೇ.

ನಾನಾದರೆ ‘ನೀನು’ ಹಿಡಿಯುತ್ತೇನೆ. ನಾನು ಬಂದೆ, ನೀನು ಬಂದೆ – ಎರಡರಲ್ಲೂ ಲಿಂಗವಿಲ್ಲ. ಅಮೆರಿಕದ ಲೇಖಕಿ ಮ್ಯಾಗಿ ನೆಲ್ಸನ್ 2015ರ ತಮ್ಮ ಆತ್ಮಕಥನ ‘ದಿ ಆರ್ಗೊನಾಟ್ಸ್’ನಲ್ಲಿ ಸಂಗಾತಿಯನ್ನು ಬಹುಪಾಲು ಹೀಗೇ ನೇರವಾಗಿ ಸಂಬೋಧಿಸಿದ್ದಾರೆ. ಇದರಲ್ಲೂ ಎರಡು ಕಡೆ ಎಡವುತ್ತಾರೆ. ಒಂದು, ಸಂಗಾತಿಗೆ ಗೊತ್ತಿರುವುದನ್ನೇ ಅವರಿಗೆ ವರದಿ ಒಪ್ಪಿಸುವುದು: ‘ನೀನು ಆಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದೆ.’ ಅಂಥ ಮಾಹಿತಿಯನ್ನು ಜಗಳದೊಳಗೋ ತಮಾಷೆಯೊಳಗೋ ಸೇರಿಸಿ. ಎರಡನೆಯದು ಕಣ್ಣಿಗೆ ಬೀಳುವುದೇ ಇಲ್ಲ: ‘ನೀನು ಒಬ್ಬಳೇ ಕೂತಿದ್ದೆ.’ ಕ್ರಿಯಾಪದ ಸುಮ್ಮನಿದ್ದರೂ ‘ಒಬ್ಬಳೇ’ ಹೇಳಿಬಿಟ್ಟಿತು. ‘ದೊಡ್ಡವನು’, ‘ಹಟಮಾರಿಯಾದವಳು’ ಕೂಡ ಹೀಗೇ. ಕರಡು ಮುಗಿದ ಮೇಲೆ ಫೈಲಿನಲ್ಲಿ ‘ಒಬ್ಬ’, ‘ವನು’, ‘ವಳು’ ಹಾಕಿ ಹುಡುಕಿ. ‘ಒಬ್ಬಳೇ ಕೂತಿದ್ದೆ’ ಇದ್ದಲ್ಲಿ ‘ಕೂತಿದ್ದೆ, ಪಕ್ಕದಲ್ಲಿ ಯಾರೂ ಇರಲಿಲ್ಲ’ ಅಂತ ಮಾಡಿದರೆ ವಾಕ್ಯವೂ ಚೆನ್ನಾಗುತ್ತದೆ.

ಮಗುವಿನ ವಿಷಯದಲ್ಲಿ ಕನ್ನಡ ಧಾರಾಳಿ. ‘ಮಗು ಅತ್ತಿತು, ಅದಕ್ಕೆ ನಿದ್ದೆ ಬಂತು’ ಅಂತ ಯಾರ ಹಂಗೂ ಇಲ್ಲದೆ ಬರೆಯಬಹುದು. ಯಾವ ಪುಟದಲ್ಲಿ ‘ಅದು’ ಹೋಗಿ ‘ಅವನು’ ಅಥವಾ ‘ಅವಳು’ ಬರುತ್ತದೆ ಅನ್ನುವುದನ್ನು ನೀವೇ ನಿರ್ಧರಿಸಿ, ಕೈತಪ್ಪಿ ಆಗಲು ಬಿಡಬೇಡಿ. ಅದೇ ‘ಅದು’ ದೊಡ್ಡವರಿಗೆ ಬಂದರೆ ಬೈಗುಳ. ನೆಂಟರು ಶಶಿಯನ್ನು ‘ಅದು ಬಂತಾ?’ ಅಂದಿದ್ದರೆ ಹಾಗೆಯೇ ಬರೆಯಿರಿ, ವಿವರಣೆ ಬೇಡ. ತೊಟ್ಟಿಲಿನ ‘ಅದು’ ಅದೇ ಪುಟದಲ್ಲಿದ್ದರೆ ಸಾಕು.

‘ಹೆತ್ತವರು’ ಅನ್ನುವ ಪದ ಜೋಪಾನ. ಬಳಕೆಯಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಸಲ್ಲುತ್ತದೆ, ಅಕ್ಷರಶಃ ನೋಡಿದರೆ ಹೆರದವರನ್ನು ಹೊರಗಿಡುತ್ತದೆ. ‘ಸಾಕುತಾಯಿ’, ‘ಮಲತಾಯಿ’ ಶಶಿಗೆ ಹೊಂದುವುದಿಲ್ಲ. ಮಗು ಮನೆಯಲ್ಲಿ ಏನೆಂದು ಕೂಗುತ್ತದೋ ಅದೇ ಪುಸ್ತಕದಲ್ಲೂ ಇರಲಿ.

ಇನ್ನು ಕಾಲಗಣನೆ. ಎರಡು ಮೈ ಒಟ್ಟಿಗೆ ಬದಲಾಗುವ ಕಥೆಯಲ್ಲಿ ನೆನಪನ್ನು ನಂಬಬೇಡಿ. ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ: ಎಡಕ್ಕೆ ಬಸುರಿನ ವಾರ, ಬಲಕ್ಕೆ ಹಾರ್ಮೋನಿನ ತಿಂಗಳು. ಬಸುರಿನ 40 ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಐವಿಎಫ್‌ನಲ್ಲಿ, ಅಂದರೆ ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸುವ ಚಿಕಿತ್ಸೆಯಲ್ಲಿ, ಐದು ದಿನದ ಭ್ರೂಣವನ್ನು ಗರ್ಭಕ್ಕೆ ಸೇರಿಸಿದ ದಿನವೇ ಲೆಕ್ಕದಲ್ಲಿ 2 ವಾರ 5 ದಿನ ಆಗಿರುತ್ತದೆ. ಇದನ್ನು ಮರೆತರೆ ನಿಮ್ಮ ಡೈರಿಗೂ ಸ್ಕ್ಯಾನ್ ವರದಿಗೂ ತಾಳೆಯಾಗುವುದಿಲ್ಲ. ಬಲಗಡೆ, ದನಿ ಒಡೆಯಲು ತಿಂಗಳುಗಳು ಬೇಕು, ಗಡ್ಡ ತುಂಬಲು ವರ್ಷಗಳು. ಮೊದಲ ಇಂಜೆಕ್ಷನ್ ಆದ ವಾರಕ್ಕೇ ದನಿ ಗಡಸಾಯಿತು ಅಂತ ಬರೆದರೆ ವಿಷಯ ಬಲ್ಲವರು ಪುಸ್ತಕ ಮುಚ್ಚಿಡುತ್ತಾರೆ.

ಪ್ರಕಾಶಕರಿಗೆ ಕಳಿಸುವ ಮೊದಲೇ ಶಶಿಗೆ ಇಡೀ ಕರಡು ಪ್ರಿಂಟ್ ಹಾಕಿ ಕೊಡಿ. ಆಯ್ದ ಭಾಗ ಕೊಟ್ಟರೆ ಒಪ್ಪಿಗೆಯೂ ಆಯ್ದ ಭಾಗಕ್ಕೇ. ‘ತೆಗೆ’, ‘ತಿದ್ದು’, ‘ನನಗೆ ನೆನಪಿರುವುದು ಬೇರೆ’ ಅಂತ ಮೂರು ಬಗೆಯ ಗುರುತು ಹಾಕಲಿ. ಮೂರನೆಯದನ್ನು ಅಳಿಸಬೇಡಿ, ಅವರ ಮಾತಿನಲ್ಲೇ ಪುಸ್ತಕಕ್ಕೆ ಸೇರಿಸಿ. ಮಗುವಿನ ಒಪ್ಪಿಗೆ ಈಗ ಸಿಗುವಂಥದ್ದಲ್ಲ, ಹಾಗಾಗಿ ವೀರ್ಯದಾನಿಯ ಗುರುತು, ಮಗುವಿನ ಕಾಯಿಲೆ ಕಸಾಲೆಯ ವಿವರ ಹೊರಗಿರಲಿ.

ಶಶಿಗೆ ಬೇಡವಾದ ಹಳೆಯ ಹೆಸರು ಬೇರೆಯವರ ಮಾತಿನಲ್ಲೂ ಬೇಡ. ‘ಅಮ್ಮ ಹಳೆಯ ಹೆಸರು ಹಿಡಿದು ಕೂಗಿದರು’ ಅಂದರೆ ಆಯಿತು. ಅದು ಉಳಿದುಕೊಳ್ಳುವುದು ನೀವು ಎಣಿಸದ ಜಾಗಗಳಲ್ಲಿ: ಫೋಟೊ ಅಡಿಬರಹ, ಆಸ್ಪತ್ರೆ ಚೀಟಿಯ ಚಿತ್ರ, ಪ್ರಕಾಶಕರಿಗೆ ಕಳಿಸುವ ಫೈಲಿನ ಹೆಸರು.