ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬೇಡ

ನೋಡಮ್ಮ, ಸ್ಕಾಟ್ಲೆಂಡಿಗೆ ನರ್ಸ್ ಕೆಲಸಕ್ಕೆ ಬರೋ ಮುಂಚೆ ನೀನು ಕೇಳಿರೋದು ನಾಲ್ಕು ವಿಷಯ. ಬಟ್ಟೆ ಏನು ತರಲಿ, ಸಂಬಳದಲ್ಲಿ ಮನೆಗೆ ಕಳಿಸೋಷ್ಟು ಉಳಿಯುತ್ತಾ, ಕನ್ನಡದಲ್ಲಿ ಆರಾಧನೆ ನಡೆಸೋ ಸಭೆ ಇದೆಯಾ. ನಾಲ್ಕನೆಯದನ್ನು ನೀನು ಬರೆದ ಹಾಗೇ ಇಡ್ತೀನಿ: “ಆಂಟಿ, ಸ್ಕಾಟ್ಲೆಂಡಿನ ಹಿಮ, ಸಮುದ್ರ, ಹೂವು ನೋಡ್ತಾ ಇದ್ರೆ ದೇವರು ದಿನಾ ಮಾತಾಡಿದ ಹಾಗಿರುತ್ತೆ, ಒಬ್ಬರೇ ಇದ್ರೂ ನಂಬಿಕೆ ತಾನಾಗೇ ಬೆಳೆಯುತ್ತೆ ಅಂತ ವಿಡಿಯೋಗಳಲ್ಲಿ ಹೇಳ್ತಾರೆ. ನಿಜಾನಾ?”

ಮೊದಲ ಮೂರನ್ನು ಬೇಗ ಮುಗಿಸ್ತೀನಿ.

ಬೆಂಗಳೂರಲ್ಲಿ ದಪ್ಪ ಕೋಟು ಕೊಂಡು ಸೂಟ್‌ಕೇಸ್ ತುಂಬಿಸಬೇಡ. ಇಲ್ಲಿ ಚಳಿಗಿಂತ ಗಾಳಿ ಕಾಟ ಜಾಸ್ತಿ, ಅದಕ್ಕೆ ಬೇಕಾದ ಕೋಟು ಇಲ್ಲೇ ಸಿಗುತ್ತೆ. ಚಾರಿಟಿ ಅಂಗಡಿಗಳಲ್ಲಿ ಕಮ್ಮಿ ಬೆಲೆಗೇ ಒಳ್ಳೇದು ಸಿಗುತ್ತೆ, ನಾಚಿಕೆ ಪಡಬೇಡ. ಆ ಜಾಗದಲ್ಲಿ ಸಾರಿನ ಪುಡಿ, ಹುರಿಗಾಳು, ನಿನ್ನ ಕನ್ನಡ ಬೈಬಲ್ಲು, ಅಮ್ಮನ ಹಾಡಿನ ಪುಸ್ತಕ ಇಟ್ಟುಕೋ. ಅಮ್ಮ ಕಾಯಿಸಿದ ತುಪ್ಪ ಮಾತ್ರ ಬೇಡ. ಭಾರತದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರೋ ಹಾಗಿಲ್ಲ. ಏರ್‌ಪೋರ್ಟಲ್ಲಿ ಅದನ್ನ ಕಸದ ಡಬ್ಬಿಗೆ ಹಾಕೋದನ್ನ ನೋಡೋದು ಒಂದು ಸಂಕಟ. ರಾಗಿ ಹಿಟ್ಟು ಇಲ್ಲಿ ಸಿಗುತ್ತೆ, ಆದ್ರೆ ಮುದ್ದೆ ನಮ್ಮ ಕಡೆ ಹಾಗೆ ಬರಲ್ಲ. ಯಾಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಸಂಬಳ ಸಾಕಾಗುತ್ತೆ, ಮೊದಲ ವರ್ಷ ಉಳಿಯೋದು ಕಮ್ಮಿ. ನರ್ಸಿಂಗ್ ಕೆಲಸ ಕೊಡಿಸ್ತೀನಿ ಅಂತ ಏಜೆಂಟ್ ದುಡ್ಡು ಕೇಳಿದರೆ ಅಲ್ಲೇ ನಿಲ್ಲಿಸು. ಇಲ್ಲಿನ ಸರ್ಕಾರದ ನಿಯಮದ ಪ್ರಕಾರ ಅವರು ನಿನ್ನ ಹತ್ತಿರ ಶುಲ್ಕ ತಗೊಳ್ಳೋ ಹಾಗಿಲ್ಲ. ಹೊರದೇಶದ ನರ್ಸುಗಳ ಕೈಕೆಲಸ ನೋಡೋ ಓಎಸ್‌ಸಿಇ ಪರೀಕ್ಷೆ ಬಗ್ಗೆ ನನ್ನ ಕೇಳಬೇಡ. ನಾನು ಬಂದಾಗ ಅದು ಇರಲೇ ಇಲ್ಲ, ವಾರ್ಡಲ್ಲೇ ಕೆಲವು ತಿಂಗಳು ಅಡಾಪ್ಟೇಶನ್ ಅಂತ ಕೆಲಸ ಕಲಿಯೋ ಅವಧಿ ಇತ್ತು. ಇತ್ತೀಚೆಗೆ ಬಂದ ಮಲಯಾಳಿ ಹುಡುಗಿಯರನ್ನ ಕೇಳು, ಆ ಪರೀಕ್ಷೆಯ ಹತ್ತು ಹಂತವನ್ನೂ (ಸ್ಟೇಷನ್) ಬಾಯಿಪಾಠ ಹೇಳ್ತಾರೆ.

ನಾನಿರೋ ಅಬರ್ಡೀನಲ್ಲಿ ಕನ್ನಡ ಸಭೆ ಇಲ್ಲ. ಮಲಯಾಳಿಗಳ ಕೂಟ ಇದೆ, ಕರೀತಾರೆ, ಬಿರಿಯಾನಿ ಹಾಕ್ತಾರೆ, ಪ್ರೀತಿಯ ಜನ. ಆದರೂ ಮನೆ ಹತ್ತಿರದ ಸ್ಕಾಟಿಷ್ ಚರ್ಚಿಗೂ ಹೋಗು. ಒಳಗೆ ಎಲ್ಲ ನರೆತ ತಲೆಗಳೇ. ಜನ ಕಮ್ಮಿಯಾಗಿ ಒಂದೊಂದೇ ಕಟ್ಟಡ ಮಾರ್ತಾ ಇದ್ದಾರೆ. ಅಬರ್ಡೀನಲ್ಲೇ ಹಳೇ ಚರ್ಚೊಂದು ಈಗ ಬಾರು, ಬಣ್ಣದ ಗಾಜಿನ ಕಿಟಕಿ ಹಾಗೇ ಇದೆ. ಮೊದಲ ಸಲ ನೋಡಿದಾಗ ನನಗೆ ತಲೆ ಸುತ್ತಿದ ಹಾಗಾಯ್ತು. ನಮಗೆ ಸುವಾರ್ತೆ ತಂದ ದೇಶದ ಕಥೆ ಇದಾ ಅಂತ. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರು ಆಸ್ಪತ್ರೆ ಕಟ್ಟಿದ್ದನ್ನ ಅಜ್ಜಿ ಬಾಯಲ್ಲಿ ಕೇಳಿ ಬೆಳೆದವಳು ನಾನು. ನಮ್ಮೂರ ಚರ್ಚಿನ ಸುಗ್ಗಿ ಹಬ್ಬದ ಕಾಣಿಕೆ ಹರಾಜಲ್ಲಿ ಒಂದು ಕುಂಬಳಕಾಯಿಗೆ ಇಬ್ಬರು ಹಿರಿಯರು ಜಿದ್ದಿಗೆ ಬಿದ್ದು ಬೆಲೆ ಏರಿಸೋದು, ಅಯ್ಯನವರು (ಪಾದ್ರಿ) ನಗೋದು. ಇಲ್ಲಿನ ಸುಗ್ಗಿ ಆರಾಧನೆಗೆ ಬೀನ್ಸ್ ಡಬ್ಬಿ, ಪಾಸ್ತಾ ಪೊಟ್ಟಣ ತಂದಿಡ್ತಾರೆ. ಇದೇನು ಕಾಣಿಕೆ ಅನ್ನಿಸ್ತು. ಅವೆಲ್ಲ ಇಲ್ಲದವರಿಗೆ ಪುಕ್ಕಟೆ ದಿನಸಿ ಕೊಡೋ ಫುಡ್ ಬ್ಯಾಂಕಿಗೆ ಹೋಗಿ, ನಮ್ಮದೇ ಬೀದಿಯ ಮಕ್ಕಳ ತಟ್ಟೆಗೆ ಬೀಳುತ್ತೆ ಅಂತ ಆಮೇಲೆ ಗೊತ್ತಾಯ್ತು.

ಈಗ ನಾಲ್ಕನೆಯದು.

ನಾನು ಬಂದಿದ್ದು 2004ರ ನವೆಂಬರಲ್ಲಿ. ನಮ್ಮೂರು ರೇಷ್ಮೆಗೆ ಹೆಸರಾದ ಶಿಡ್ಲಘಟ್ಟ. ಅಬರ್ಡೀನ್ ಇಡೀ ಊರೇ ಬೂದು ಗ್ರಾನೈಟಿಂದ ಕಟ್ಟಿದ್ದು. ಮಳೆ ನಿಂತು ಬಿಸಿಲು ಬಿದ್ದರೆ ಗೋಡೆಯಲ್ಲಿರೋ ಕಾಗೆಬಂಗಾರ ಮಿನುಗುತ್ತೆ. ನಂದಿಬೆಟ್ಟದ ಸೀಮೆಯವಳಿಗೆ ಕಲ್ಲೇನು ಹೊಸದಾ? ಆದರೂ ಬಸ್ಸು ಬಿಟ್ಟು ನಿಂತು ನೋಡ್ತಿದ್ದೆ. ಮೊದಲ ಹಿಮ ಬಿದ್ದ ದಿನ ಅಪ್ಪನಿಗೆ ಪತ್ರ ಬರೆದೆ: ಬೈಬಲ್ಲಿನ ಯೆಶಾಯ ಒಂದನೇ ಅಧ್ಯಾಯದಲ್ಲಿ ಪಾಪ ಹಿಮದ ಹಾಗೆ ಬಿಳುಪಾಗುತ್ತೆ ಅಂತ ಇದೆಯಲ್ಲ, ಅದನ್ನ ಕಣ್ಣಾರೆ ಕಂಡೆ ಅಂತ. ಅಪ್ಪ ಆ ಪತ್ರವನ್ನ ಸಭೆಯಲ್ಲಿ ಓದಿಸಿದರಂತೆ. ಎರಡು ದಿನ ಬಿಟ್ಟು ಅದೇ ಹಿಮ ಉಪ್ಪು, ಮಣ್ಣು, ಟೈರಿನ ಕರಿ ಸೇರಿ ಕೆಸರಾಗಿ ಬೂಟಿಗೆ ಅಂಟಿತು. ಆ ಭಾಗದ ಮೇಲೆ ಚರ್ಚಲ್ಲಿ ಯಾರೂ ಪ್ರಸಂಗ ಮಾಡಲ್ಲ, ನಾನೂ ಪತ್ರ ಬರೀಲಿಲ್ಲ.

ಡಿಸೆಂಬರಲ್ಲಿ ಇಲ್ಲಿ ಸೂರ್ಯ ಹುಟ್ಟೋದು ಎಂಟೂ ಮುಕ್ಕಾಲಿಗೆ, ಮುಳುಗೋದು ಮೂರೂವರೆಗೆ. ಹಗಲು ಪಾಳಿ ಅಂದ್ರೆ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರೋದು. ಅಕ್ಟೋಬರಿಂದಲೇ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಮಾತ್ರೆ ತಗೋ, ಇಲ್ಲಿನ ಆರೋಗ್ಯ ಇಲಾಖೆಯೇ ಎಲ್ಲರಿಗೂ ಹೇಳೋ ಮಾತು. ಪ್ರಾರ್ಥನೆ ಮಾಡಿದರೂ ಮನಸ್ಸು ಏಳ್ತಿಲ್ಲ ಅಂತ ನಿನ್ನನ್ನ ನೀನೇ ಬೈಕೋಬೇಡ. ಬಿಸಿಲಿನ ಕೊರತೆಯೂ ಕಾರಣ ಇರಬಹುದು.

ಒಂದು ಈಸ್ಟರ್ ಭಾನುವಾರ ನಮ್ಮ ಚರ್ಚಲ್ಲಿ ಮಕ್ಕಳಿಗೆ ಕಾಗದದ ಚಿಟ್ಟೆ ಹಂಚಿದರು. ಹುಳ ಗೂಡು ಕಟ್ಟುತ್ತೆ, ಸತ್ತ ಹಾಗೆ ಇರುತ್ತೆ, ಒಂದು ದಿನ ಗೂಡು ಒಡೆದು ಹಾರುತ್ತೆ, ಪುನರುತ್ಥಾನ ಅಂದ್ರೆ ಹೀಗೆ ಅಂತ ಪಾಠ. ಚೆನ್ನಾಗೇ ಹೇಳಿದರು. ನಾನು ಹಿಂದಿನ ಸಾಲಲ್ಲಿ ನಗು ತಡ್ಕೊಂಡು ಕೂತಿದ್ದೆ. ಶಿಡ್ಲಘಟ್ಟದವಳ ಮುಂದೆ ಗೂಡಿನ ಕಥೆಯೇ! ನಮ್ಮಲ್ಲಿ ಗೂಡಿಂದ ಚಿಟ್ಟೆ ಹೊರಗೆ ಬಂತು ಅಂದ್ರೆ ಗೂಡು ತೂತಾಯ್ತು, ದುಡ್ಡು ಹೋಯ್ತು. ಮಾರ್ಕೆಟ್ಟಿಂದ ಬಂದ ಗೂಡು ನೇರ ಬಿಸಿನೀರಿಗೆ. ನೂಲು ಬಿಚ್ಚಿದ ಮೇಲೆ ಒಳಗಿನ ಹುಳ ಸತ್ತೇ ಸಿಗೋದು. ಮೊಟ್ಟೆಗೆ ಅಂತ ಬಿಟ್ಟ ಗೂಡಿಂದ ಬರೋ ಚಿಟ್ಟೆಗಾದರೂ ಹಾರೋಕೆ ಬರುತ್ತಾ? ಬರಲ್ಲ. ತಿನ್ನೋಕೂ ಬಾಯಿಲ್ಲ. ಮೊಟ್ಟೆ ಇಟ್ಟು ಸಾಯುತ್ತೆ. ಪಾಠ ಕಲಿಸಿದವರ ಮೇಲೆ ನನಗೆ ಕೋಪ ಇಲ್ಲ. ಸೃಷ್ಟಿ ನೋಡಿ ಪಾಠ ತೆಗೆಯೋರು ತಮಗೆ ಬೇಕಾದ ಕಡೆ ಕಥೆ ನಿಲ್ಲಿಸ್ತಾರೆ ಅನ್ನೋದನ್ನ ಮಾತ್ರ ಅವತ್ತು ಮನಸ್ಸಲ್ಲಿ ಗುರುತು ಹಾಕ್ಕೊಂಡೆ. ಯೇಸು ಎದ್ದಿದ್ದಾನೆ ಅಂತ ನಾನು ನಂಬೋದು ಆ ಸಮಾಧಿ ಬರಿದಾಗಿತ್ತು ಅಂತ ಹೆಂಗಸರು ಬಂದು ಹೇಳಿದ್ದಕ್ಕೆ, ಚಿಟ್ಟೆ ಹಾರಿದ್ದಕ್ಕಲ್ಲ.

ಇದು ತಮಾಷೆ. ಮುಂದಿನದು ತಮಾಷೆಯಲ್ಲ.

ಅಪ್ಪ ತೀರಿಕೊಂಡಿದ್ದು 2021ರ ಮೇ ತಿಂಗಳಲ್ಲಿ. ಏಪ್ರಿಲ್ 23ರಿಂದ ಭಾರತವನ್ನ ಇಲ್ಲಿನ ಸರ್ಕಾರ ಕೋವಿಡ್ಡಿನ ಕೆಂಪು ಪಟ್ಟಿಗೆ ಹಾಕಿತ್ತು. ಹೋದರೆ ವಾಪಸ್ ಬರುವಾಗ ಸರ್ಕಾರ ಹೇಳಿದ ಹೋಟೆಲಲ್ಲಿ ಹತ್ತು ದಿನ, ಒಬ್ಬರಿಗೆ 1,750 ಪೌಂಡ್. ದುಡ್ಡು ಹೇಗೋ ಆಗ್ತಿತ್ತು. ಆದರೆ ನಮ್ಮ ಕಡೆ ಲಾಕ್‌ಡೌನು, ವಿಮಾನಗಳೂ ಕಮ್ಮಿ, ನಾನು ಮುಟ್ಟೋ ಹೊತ್ತಿಗೆ ಮಣ್ಣಾಗಿ ದಿನಗಳೇ ಕಳೆದಿರ್ತಿತ್ತು. ಚಿಕ್ಕಪ್ಪನ ಮಗ ಫೋನ್ ಹಿಡಿದಿದ್ದ. ಅಯ್ಯನವರು, ನಮ್ಮ ಮನೆಯವರು ನಾಲ್ಕು ಜನ, ಅಷ್ಟೇ. ಮಣ್ಣು ಹಾಕೋ ಹೊತ್ತಿಗೆ ಚಿತ್ರ ನಿಂತು ಹೋಯ್ತು, ದನಿ ಮಾತ್ರ ಬರ್ತಿತ್ತು.

ಅದೇ ವಾರ ನನ್ನ ವಾರ್ಡಲ್ಲಿ ಒಬ್ಬರು ಅಜ್ಜ ಹೋದರು. ಮೈ ತೊಳೆದೆ, ತಲೆ ಬಾಚಿದೆ, ಇಲ್ಲಿನ ನರ್ಸುಗಳ ವಾಡಿಕೆಯಂತೆ ಕಿಟಕಿ ಒಂದಿಷ್ಟು ತೆಗೆದೆ. ಯಾರೋ ಮನೆ ಅಪ್ಪನಿಗೆ ನನ್ನ ಕೈ ಸಿಕ್ಕಿತು, ನಮ್ಮಪ್ಪನಿಗೆ ಸಿಗಲಿಲ್ಲ. ಇದರಲ್ಲಿ ಏನಾದರೂ ಪಾಠ ಇದೆಯಾ ಅಂತ ನನ್ನ ಕೇಳಬೇಡ. ಇದ್ದರೂ ನನಗೆ ಬೇಕಿಲ್ಲ.

ಫೋನಲ್ಲಿ ಮೆಸೇಜ್ ಮೇಲೆ ಮೆಸೇಜ್. ‘ಎಲ್ಲ ಒಳ್ಳೆಯದಕ್ಕೇ’, ‘ದೇವರ ಚಿತ್ತ’, ಸೂರ್ಯೋದಯದ ಫೋಟೋ ಮೇಲೆ ರೋಮಾಪುರದವರಿಗೆ ಬರೆದ ಪತ್ರದ ಎಂಟನೇ ಅಧ್ಯಾಯದ ವಾಕ್ಯ. ವಾಕ್ಯ ಸತ್ಯವೇ. ಆದರೆ ಪೌಲ ಅದನ್ನ ಏಟು ತಿಂದ ಮೈಯಲ್ಲಿ ಬರೆದ. ಇವರು ಕಾಫಿ ಕುಡೀತಾ ಫಾರ್ವರ್ಡ್ ಮಾಡಿದರು. ಮಕ್ಕಳು, ಆಸ್ತಿ ಎಲ್ಲ ಕಳಕೊಂಡ ಯೋಬನ ಸ್ನೇಹಿತರನ್ನ ನಾವು ಸಂಡೇ ಸ್ಕೂಲಲ್ಲಿ ಬೈಕೊಂಡೇ ಬೆಳೆದೆವು, ಆದರೆ ಮೊದಲ ಏಳು ದಿನ ಅವರು ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಎಲ್ಲ ಕೆಟ್ಟಿದ್ದು ಮಾತು ಶುರು ಮಾಡಿದ ಮೇಲೆ.

ಆಗ ನನಗೆ ಬೈಬಲ್ ತೆಗೆದರೆ ಅಕ್ಷರ ಕಾಣ್ತಿತ್ತು, ಒಳಗೆ ಇಳೀತಿರಲಿಲ್ಲ. ಅಮ್ಮನಿಗೆ ಹೇಳೋಕೆ ಭಯ, ಗಂಡನನ್ನ ಕಳಕೊಂಡವಳು ಅವಳು. ಕೊನೆಗೆ ಒಂದಿನ ಬಾಯಿ ಬಿಟ್ಟೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹುಳ ಜ್ವರಕ್ಕೆ ಕೂತಿದ್ದಾಗ ಸೊಪ್ಪು ಹಾಕ್ತೀವೇನೇ?” ಅಂದಳು. ಅಷ್ಟು ಹೇಳಿ, ಹಸುಗೆ ಹುಲ್ಲು ಹಾಕ್ಬೇಕು ಅಂತ ಫೋನ್ ಇಟ್ಟಳು.

ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ನಿಮ್ಮ ಮನೇಲೂ ಮೇಯಿಸಿರ್ತಾರೆ. ಬೇರೆ ಕಡೆಯವರು ಓದ್ತಿದ್ದರೆ ಅವರಿಗಾಗಿ: ರೇಷ್ಮೆ ಹುಳ ಬೆಳೆಯೋವಾಗ ನಾಲ್ಕು ಸಲ ಪೊರೆ ಬಿಡುತ್ತೆ, ನಾವು ಅದನ್ನ ಜ್ವರ ಅಂತೀವಿ. ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತೆ, ಏನೂ ತಿನ್ನಲ್ಲ. ಹೊಸಬರು ನೋಡಿದರೆ ರೋಗ ಬಂತು ಅಂತ ಗಾಬರಿಯಾಗ್ತಾರೆ. ಆಗ ಪ್ರೀತಿ ಹೆಚ್ಚಾಗಿ ಸೊಪ್ಪು ಸುರಿದರೆ ಅದು ಅಲ್ಲೇ ಬಾಡಿ, ಹಾಸಿಗೆ ತೇವ ಆಗಿ, ನಿಜವಾದ ರೋಗ ಬರುತ್ತೆ. ಮಾಡಬೇಕಾದ್ದು ಇಷ್ಟು: ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿರೋ ಹಾಗೆ ನೋಡ್ಕೋ, ಗಾಳಿ ಆಡಲಿ, ತಟ್ಟೆ ಅಲುಗಿಸಬೇಡ. ಎಲ್ಲ ಹುಳ ಎದ್ದ ಮೇಲೆ ಮೊದಲ ಸೊಪ್ಪು.

ಅಮ್ಮ ನನ್ನ ಬೈಬಲ್ ಕಸಿದುಕೊಳ್ಳಲಿಲ್ಲ, ಓದು ಅಂತಲೂ ಅನ್ನಲಿಲ್ಲ. ಹಾಸಿಗೆ ಒಣಗಿರಲಿ ಅಂತಷ್ಟೇ ನಾನು ಅರ್ಥ ಮಾಡ್ಕೊಂಡೆ. ಆಮೇಲೂ ಭಾನುವಾರ ಬಿಡುವಿದ್ದರೆ ಚರ್ಚಿಗೆ ಹೋಗ್ತಿದ್ದೆ. ಮಾಸ್ಕ್ ಹಾಕ್ಕೊಂಡು ಕೂರೋದು, ಬರೋದು. ಸ್ಕಾಟ್ಲೆಂಡಿನ ಹಳೇ ಸಭೆಗಳಲ್ಲಿ ಬೈಬಲ್ಲಿನ ಕೀರ್ತನೆಗಳಿಗೆ ದೊಡ್ಡ ಜಾಗ. ಒಂದು ಸಲ ಅಲ್ಲಿ ಎಂಬತ್ತೆಂಟನೇ ಕೀರ್ತನೆ ಓದಿದರು. ಬೇರೆ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗಾದರೂ ಸ್ತುತಿಗೆ ತಿರುಗ್ತವೆ. ಇದು ತಿರುಗಲ್ಲ, ಕತ್ತಲಲ್ಲೇ ಮುಗಿಯುತ್ತೆ. ಓದಿದ ಹಿರಿಯರು ಏನೂ ಸೇರಿಸದೆ ಪುಸ್ತಕ ಮುಚ್ಚಿ ಕೂತರು. ಊರಲ್ಲಿ ಅಷ್ಟು ವರ್ಷ ಸಭೆಗೆ ಹೋದವಳು ಆ ಕೀರ್ತನೆ ಮೇಲೆ ಒಂದು ಪ್ರಸಂಗವನ್ನೂ ಕೇಳಿರಲಿಲ್ಲ. ಹೀಗೂ ಪ್ರಾರ್ಥನೆ ಮಾಡಬಹುದು, ಇದೂ ಬೈಬಲ್ಲಿನ ಒಳಗೇ ಇದೆ ಅನ್ನೋದು ಅವತ್ತು ನನಗೆ ಸುಣ್ಣ ಉದುರಿಸಿದ ಹಾಗಾಯ್ತು.

ಅದಕ್ಕೇ ಹೇಳ್ತೀನಿ, ‘ತಾನಾಗೇ ಬೆಳೆಯುತ್ತೆ’ ಅನ್ನೋ ಮಾತು ನಂಬಿಕೊಂಡು ಬರಬೇಡ. ಹೊಟ್ಟೆ ತುಂಬಿದ ದಿನ ಹೂವೂ ಬೋಧಿಸುತ್ತೆ. ಖಾಲಿ ದಿನಗಳಿಗೆ ಒಂದು ಜಾಗ, ಒಂದು ಹೊತ್ತು, ನಾಲ್ಕು ಜನ ಮೊದಲೇ ಗೊತ್ತು ಮಾಡ್ಕೋ. ಬಂದ ಮೊದಲ ಭಾನುವಾರವೇ ಚರ್ಚಿಗೆ ಹೋಗು, ‘ಸೆಟ್ಲ್ ಆದ ಮೇಲೆ’ ಅಂತ ಮುಂದೂಡಬೇಡ. ಮನೆಯ ಕುಟುಂಬ ಪ್ರಾರ್ಥನೆಗೆ ದಿನಾ ಫೋನಲ್ಲಿ ಸೇರ್ತೀನಿ ಅಂತ ಅಮ್ಮನಿಗೆ ಮಾತು ಕೊಡಬೇಡ. ಅಲ್ಲಿ ರಾತ್ರಿ ಎಂಟು ಅಂದ್ರೆ ಇಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಎರಡೂವರೆ, ಬೇಸಿಗೆಯಲ್ಲಿ ಮೂರೂವರೆ. ಆ ಹೊತ್ತಿಗೆ ನೀನು ಡ್ರಿಪ್ ಬದಲಾಯಿಸ್ತಿರ್ತೀಯ. ರಜೆ ದಿನ ಸೇರು, ಸಾಕು. ಮತ್ತೆ ವಾರ್ಡಲ್ಲಿ ಯಾರಿಗಾದರೂ ಸಾವಾದಾಗ ವಾಕ್ಯ ಹೇಳೋಕೆ ಅವಸರ ಮಾಡಬೇಡ. ಚಹಾ ಮಾಡಿ ಕೊಡು, ಕುರ್ಚಿ ಹತ್ತಿರ ಎಳಿ. ಪ್ರವಾದಿ ಎಲೀಯ ಸಾಯ್ತೀನಿ ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತ ತಂದಿದ್ದು ರೊಟ್ಟಿ, ನೀರು. ಮತ್ತೆ ಮಲಗೋಕೂ ಬಿಟ್ಟ.

ಹಾಗಂತ ಇಲ್ಲಿನ ಚೆಲುವು ಸುಳ್ಳು ಅಂತ ನಾನು ಹೇಳ್ತಿಲ್ಲ. 2024ರ ಮೇ 10ರ ರಾತ್ರಿ ಬ್ರಿಟನ್ನಿಡೀ ಉತ್ತರದ ಬೆಳಕು ಕಾಣಿಸಿತು. ಪಕ್ಕದ ಮನೆಯಾಕೆ ನೈಟ್ ಗೌನಲ್ಲೇ ಬಂದು ಬಾಗಿಲು ಬಡಿದಳು. ಸೂರ್ಯನಿಂದ ಚಿಮ್ಮಿದ ಕಣಗಳು ಮೇಲಿನ ಗಾಳಿಗೆ ತಾಗಿದಾಗ ಹಸಿರು, ಕೆಂಪು ಬರುತ್ತೆ ಅಂತ ಅವಳ ಮೊಮ್ಮಗ ವಿವರಿಸ್ತಿದ್ದ. ನನಗೆ ಹತ್ತೊಂಬತ್ತನೇ ಕೀರ್ತನೆ ನೆನಪಾಯ್ತು. ಆಕಾಶ ದೇವರ ಮಹಿಮೆ ಸಾರುತ್ತೆ ಅಂತ ಶುರುವಾಗಿ, ಅದಕ್ಕೆ ಮಾತೂ ಇಲ್ಲ ದನಿಯೂ ಇಲ್ಲ ಅಂತ ಅದೇ ಕೀರ್ತನೆ ಹೇಳುತ್ತೆ, ಆಮೇಲೆ ಆಕಾಶ ಬಿಟ್ಟು ದೇವರ ವಾಕ್ಯದ ವಿಷಯಕ್ಕೆ ಬರುತ್ತೆ. ನಾನೂ ಏನೂ ಹೇಳಲಿಲ್ಲ, ಕತ್ತು ನೋಯೋವರೆಗೆ ನೋಡಿದೆ. ಒಂದು ಮಾತು: ಫೋನಲ್ಲಿ ತೆಗೆದರೆ ಬಣ್ಣ ಗಾಢವಾಗಿ ಬರುತ್ತೆ, ಬರಿಗಣ್ಣಿಗೆ ಅಷ್ಟು ಕಾಣಲ್ಲ. ನೀನು ನೋಡಿದ ವಿಡಿಯೋಗಳದ್ದೂ ಅದೇ ಲೆಕ್ಕ.

ಸ್ಕಾಟ್ಲೆಂಡ್ ಅಂತ ಬರೆದಿದ್ದೀಯ, ಯಾವ ಊರಿನ ಆಸ್ಪತ್ರೆ ಅಂತ ಬರೆದಿಲ್ಲ. ಅಬರ್ಡೀನ್ ಆದರೆ ಕರೆದುಕೊಂಡು ಬರೋಕೆ ನಾನೇ ಬರ್ತೀನಿ. ಇನ್ವರ್ನೆಸ್, ಗ್ಲಾಸ್ಗೋ ಆದರೂ ರೈಲಲ್ಲಿ ಎರಡು ಮೂರು ಗಂಟೆ, ರಜೆಗೆ ಬಾ, ಬಸ್ಸಾರು ಮಾಡ್ತೀನಿ. ಡಾಕ್ಟರಿಗೆ ಹೆಸರು ನೋಂದಾಯಿಸೋದನ್ನ ಬಂದ ವಾರವೇ ಮಾಡು, ಸ್ಕಾಟ್ಲೆಂಡಲ್ಲಿ ಚೀಟಿಯ ಔಷಧಿಗೆ ದುಡ್ಡಿಲ್ಲ. ಮತ್ತೆ ಅಮ್ಮನ ಹತ್ತಿರ ಹುಳಿ ಪುಡಿ ಎರಡು ಪೊಟ್ಟಣ ಮಾಡಿಸು, ಒಂದು ನನಗೆ.