ಬೆಟ್ಟ ಹತ್ತೋದಕ್ಕೂ ಡಿಗ್ರಿ ಬೇಕೇನೇ?

ಪ್ರಶ್ನೆ: ನಮಸ್ತೆ ಮೇಡಂ. ನಾವು ಹಾಸನದ ಕಡೆಯವರು, ಮೆಲ್ಬರ್ನ್‌ಗೆ ಬಂದು ಒಂಬತ್ತು ವರ್ಷ ಆಯ್ತು. ಮಗಳು ಈಗ ಇಯರ್ 12. ಯೂನಿಯಲ್ಲಿ ಔಟ್‌ಡೋರ್ ರಿಕ್ರಿಯೇಷನ್ನೂ ಪ್ರೈಮರಿ ಟೀಚಿಂಗೂ ಎರಡೂ ಒಟ್ಟಿಗೆ ಓದ್ತೀನಿ ಅಂತ ಹಠ ಹಿಡಿದು ಕೂತಿದ್ದಾಳೆ. ನಮ್ಮನೆಯವರು ಅವಳ ಹತ್ರ ಸರಿಯಾಗಿ ಮಾತಾಡಿ ಎರಡು ವಾರ ಆಯ್ತು. ಊರಿಂದ ಅತ್ತೆ ಫೋನ್ ಮಾಡಿದಾಗೆಲ್ಲ "ಬೆಟ್ಟ ಹತ್ತೋದಕ್ಕೂ ಡಿಗ್ರಿ ಬೇಕೇನೇ" ಅಂತಾರೆ, ನನಗೂ ಏನು ಹೇಳ್ಬೇಕು ಗೊತ್ತಾಗಲ್ಲ. ಇದನ್ನ ಓದಿದ್ರೆ ಹೊಟ್ಟೆ ತುಂಬುತ್ತಾ? ನಮಗಿನ್ನೂ ಸಿಟಿಜನ್‌ಷಿಪ್ ಆಗಿಲ್ಲ, ಪಿಆರ್ (ಇಲ್ಲೇ ಕಾಯಂ ಇರೋ ಪರ್ಮಿಟ್) ಇದೆ.
– ಒಬ್ಬ ತಾಯಿ, ಮೆಲ್ಬರ್ನ್

ಉತ್ತರ: ಮೊದಲು ಅತ್ತೆಗೆ ಒಂದು ಮಾತು ಹೇಳಿ. ಈಗ ಬ್ರಿಟನ್ ರಾಜ ಆಗಿದ್ದಾರಲ್ಲ ಚಾರ್ಲ್ಸ್, ಅವರು 1966ರಲ್ಲಿ ನಿಮ್ಮ ವಿಕ್ಟೋರಿಯಾದಲ್ಲೇ ಟಿಂಬರ್‌ಟಾಪ್ ಅನ್ನೋ ಬೆಟ್ಟದ ಶಾಲೆಯಲ್ಲಿ ಎರಡು ಟರ್ಮ್ ಇದ್ದು ಸೌದೆ ಒಡೆದು, ನಡೆದು ಹೋದವರು. ಸ್ವಲ್ಪ ಮೆತ್ತಗಾದ್ರೂ ಆಗಬಹುದು.

ಈಗ ವಿಷಯಕ್ಕೆ ಬರ್ತೀನಿ. ನಾನು ಅಲ್ಲಿದ್ದಾಗ ಕೆಲವು ವರ್ಷ ಸಿಆರ್‌ಟಿ ಕೆಲಸ ಮಾಡಿದೀನಿ, ಅಂದ್ರೆ ಯಾವ ಟೀಚರ್ ರಜಾ ಹಾಕ್ತಾರೋ ಅವರ ಕ್ಲಾಸಿಗೆ ಹೋಗೋದು. ಒಂದ್ಸಲ ಗ್ರೇಡ್ 4 ಮಕ್ಕಳ ಜೊತೆ ಕ್ಯಾಂಪಿಗೆ ಹೋಗಿದ್ದೆ. ರಾತ್ರಿ ಜೋರು ಮಳೆ, ಒಬ್ಬ ಹುಡುಗನ ಸಾಕ್ಸು ಸ್ಲೀಪಿಂಗ್ ಬ್ಯಾಗು ಎಲ್ಲಾ ಒದ್ದೆ, ಅಮ್ಮ ಬೇಕು ಅಂತ ಅಳು. ಕ್ಯಾಂಪಿನ ಇನ್‌ಸ್ಟ್ರಕ್ಟರ್ ಹುಡುಗ ಹಗ್ಗ ಕಟ್ಟೋದ್ರಲ್ಲಿ ಎತ್ತಿದ ಕೈ, ಆದ್ರೆ ಅಳೋ ಮಗುವಿನ ಮುಂದೆ ಮರದ ಥರ ನಿಂತ್ಬಿಟ್ಟ. ನನಗೆ ಮಗುವನ್ನ ಸುಮ್ಮನಾಗಿಸೋದು ಗೊತ್ತು, ಆದ್ರೆ ಟೆಂಟೊಳಗೆ ನೀರು ಎಲ್ಲಿಂದ ಬರ್ತಿದೆ, ಅವನ ಮೈ ಎಷ್ಟು ತಣ್ಣಗಾದ್ರೆ ಗಾಬರಿಯಾಗ್ಬೇಕು, ಒಂದೂ ಗೊತ್ತಿಲ್ಲ. ಇಬ್ಬರೂ ಸೇರಿ ಒಬ್ಬ ಪೂರ್ತಿ ಮನುಷ್ಯ ಆದ್ವಿ ಅನ್ನಿ. ನಿಮ್ಮ ಮಗಳು ಓದ್ತೀನಿ ಅಂತಿರೋದು ಒಬ್ಬಳೇ ಆ ಇಬ್ಬರೂ ಆಗೋ ಓದು.

ಅದು ಪಿಕ್ನಿಕ್ ಅಂತ ಮಾತ್ರ ತಿಳ್ಕೋಬೇಡಿ. ಬುಷ್‌ವಾಕಿಂಗ್ ಅಂದ್ರೆ ಕಾಡಲ್ಲಿ ನಡೆಯೋದು, ಕನೂ ಅನ್ನೋ ಪುಟ್ಟ ದೋಣಿ ಹುಟ್ಟು ಹಾಕೋದು, ಬಂಡೆ ಹತ್ತೋದು ಇದ್ದೇ ಇರುತ್ತೆ, ಆದ್ರೆ ನಿಜವಾದ ಪಾಠ ಅಪಾಯದ ಲೆಕ್ಕ. ಯಾವ ದಿನ ಹೊರಡಬಾರದು, ಟೋಟಲ್ ಫೈರ್ ಬ್ಯಾನ್ (ಕಾಡ್ಗಿಚ್ಚಿನ ಭಯಕ್ಕೆ ಹೊರಗೆ ಬೆಂಕಿ ಹಚ್ಚಬಾರದು ಅನ್ನೋ ದಿನ) ಇದ್ರೆ ಏನು, ಹಾವು ಕಚ್ಚಿದ್ರೆ ಏನು (ಅಲ್ಲಿ ಗಾಯ ತೊಳೆಯೋ ಹಾಗಿಲ್ಲ, ಸಿನಿಮಾ ಥರ ಬಾಯಲ್ಲಿ ಹೀರೋದಂತೂ ಕೇಳ್ಲೇಬೇಡಿ, ಕೈಯೋ ಕಾಲೋ ಪೂರ್ತಿ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ ಅಲ್ಲಾಡದ ಹಾಗೆ ಇಡ್ಬೇಕು). 2008ರ ಏಪ್ರಿಲ್‌ನಲ್ಲಿ ಪಕ್ಕದ ನ್ಯೂಜಿಲ್ಯಾಂಡ್‌ನ ಮಂಗಾಟೆಪೋಪೋ ಕಮರಿಯಲ್ಲಿ ಹೊಳೆ ಏಕಾಏಕಿ ಉಕ್ಕಿ ಆರು ಜನ ವಿದ್ಯಾರ್ಥಿಗಳು, ಒಬ್ಬ ಟೀಚರ್ ಹೋಗ್ಬಿಟ್ರು. ಅಂಥದ್ದು ಆಗದ ಹಾಗೆ ಬೆಳಿಗ್ಗೆನೇ ಆಕಾಶ ನೋಡಿ "ಇವತ್ತು ಬೇಡ" ಅನ್ನೋ ಧೈರ್ಯ ಬೇಕಲ್ಲ, ಡಿಗ್ರಿ ಇರೋದು ಅದಕ್ಕೆ.

ಹೊಟ್ಟೆ ತುಂಬೋ ಮಾತು. ಬರೀ ಔಟ್‌ಡೋರ್ ಓದಿದ್ರೆ ನನಗೂ ನಿಮ್ಮ ಯಜಮಾನರ ಥರಾನೇ ಭಯ ಆಗ್ತಿತ್ತು, ಯಾಕಂದ್ರೆ ಆ ಕಡೆ ಕೆಲಸ ಬಹುಪಾಲು ಕ್ಯಾಶುವಲ್, ಸೀಸನ್ ಇದ್ದಾಗ ಉಂಟು ಇಲ್ಲದಾಗ ಇಲ್ಲ, ಮೂವತ್ತಾದ್ಮೇಲೆ ಮಂಡಿ ಕೂಡ ಮಾತು ಕೇಳಲ್ಲ. ಪ್ರೈಮರಿ ಟೀಚಿಂಗ್ ಜೊತೆಗಿದ್ರೆ ಟೀಚರ್ ರಿಜಿಸ್ಟ್ರೇಷನ್, ಅಂದ್ರೆ ಶಾಲೆಯಲ್ಲಿ ಪಾಠ ಮಾಡೋಕೆ ಬೇಕಾದ ಪರವಾನಗಿ ಸಿಗುತ್ತೆ, ಅನ್ನ ಅಲ್ಲಿದೆ. ಅದಕ್ಕೆ ಕೋರ್ಸ್ ಅಲ್ಲಿನ ರಿಜಿಸ್ಟ್ರೇಷನ್‌ಗೆ ಮಾನ್ಯತೆ ಪಡೆದಿದೆಯಾ ಅಂತ ಓಪನ್ ಡೇಯಲ್ಲಿ ಮೊದಲ ಪ್ರಶ್ನೆಯಾಗಿ ಕೇಳಿಸಿ. ಕಡಿಮೆ ಅಂದ್ರೂ 80 ದಿನ ಶಾಲೆಯಲ್ಲಿ ಪಾಠ ಮಾಡೋ ಪ್ಲೇಸ್‌ಮೆಂಟ್ ಇರುತ್ತೆ, ಓದು ಬರಹ ಲೆಕ್ಕದ ಲ್ಯಾಂಟೈಟ್ ಪರೀಕ್ಷೆ ಪಾಸಾಗದೆ ಟೀಚಿಂಗ್ ಡಿಗ್ರಿ ಕೈಗೆ ಬರಲ್ಲ. ಅದರ ಮೇಲೆ ಔಟ್‌ಡೋರ್ ಟ್ರಿಪ್‌ಗಳು, ಬೂಟು ರೇನ್‌ಕೋಟಿನ ಖರ್ಚು. ವೀಕೆಂಡ್ ಪಾರ್ಟ್‌ಟೈಮ್ ಕೆಲಸ ಇಟ್ಕೊಳ್ಳೋದು ಕಷ್ಟಾನೇ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಆಗಿದ್ದು ಪಿಆರ್ ಸಾಲು. ಪಿಆರ್ ಇದ್ರೆ ಸರ್ಕಾರದ ಸಬ್ಸಿಡಿ ಸೀಟು ಸಿಗುತ್ತೆ, ಆದ್ರೆ ಫೀಸಿಗೆ ಸರ್ಕಾರ ಕೊಡೋ ಹೆಕ್ಸ್ ಸಾಲ ಸಾಮಾನ್ಯವಾಗಿ ಸಿಗಲ್ಲ, ನಿಮ್ಮ ಪಾಲಿನ ಫೀಸ್ ಕೈಯಿಂದಲೇ ಕಟ್ಟಬೇಕು. ಸಿಟಿಜನ್‌ಷಿಪ್ ಅರ್ಜಿ ಇನ್ನೂ ಹಾಕಿಲ್ಲ ಅಂದ್ರೆ ಮಗಳ ಜೊತೆ ಜಗಳ ಆಮೇಲೆ ಮಾಡಿ, ಮೊದಲು ಅದನ್ನ ಹಾಕಿ.

ಮಗಳನ್ನ ಒಂದೇ ಒಂದು ವಿಷಯ ಕೇಳಿ: ಅವಳಿಗೆ ಇಷ್ಟ ಚಿಕ್ಕ ಮಕ್ಕಳೋ, ಕಾಡೋ? ಯಾಕಂದ್ರೆ ಅಲ್ಲಿ ಔಟ್‌ಡೋರ್ ಅಂಡ್ ಎನ್ವಿರಾನ್‌ಮೆಂಟಲ್ ಸ್ಟಡೀಸ್ ಅಂತ ಒಂದು ಸಬ್ಜೆಕ್ಟೇ ಇರೋದು ವಿಸಿಇಯಲ್ಲಿ, ಅಂದ್ರೆ ಹೈಸ್ಕೂಲಿನ ಕೊನೇ ವರ್ಷಗಳ ದೊಡ್ಡ ಮಕ್ಕಳಿಗೆ. ಪ್ರೈಮರಿಯಲ್ಲಿ ಅವಳು ವರ್ಷದ ಬಹುಪಾಲು ಕ್ಲಾಸ್‌ರೂಮಲ್ಲಿ ಮಗ್ಗಿ, ಸ್ಪೆಲಿಂಗ್ ಹೇಳಿಕೊಡ್ತಾ ಇರ್ತಾಳೆ, ಕ್ಯಾಂಪು ವರ್ಷಕ್ಕೆ ಕೆಲವೇ ದಿನ. ಕಾಡೇ ಮುಖ್ಯ ಅಂದ್ರೆ ಸೆಕೆಂಡರಿ ಟೀಚಿಂಗ್ ಜೊತೆ ಸೇರಿಸಲಿ. ಮಕ್ಕಳು ಅಂದ್ರೆ ಪ್ರೈಮರಿನೇ ಸರಿ, ಅವರನ್ನ ದಿನಾ ಶಾಲೆ ಹಿಂದಿನ ಮರದ ಹತ್ರ ಕರ್ಕೊಂಡು ಹೋಗೋಕೆ ಯಾರಪ್ಪನ ಅಪ್ಪಣೆ ಬೇಕು.

ಪ್ರಶ್ನೆ: ನಾನು ಶಿರಸಿಯಲ್ಲಿ ಡಿಎಲ್‌ಎಡ್ (ಪ್ರಾಥಮಿಕ ಶಾಲೆ ಟೀಚರ್ ಆಗೋ ಡಿಪ್ಲೊಮಾ) ಮಾಡ್ತಿದೀನಿ, ಟ್ರೆಕ್ಕಿಂಗ್ ಹುಚ್ಚು. ನಮ್ಮಲ್ಲಿ ಎರಡನ್ನೂ ಸೇರಿಸೋ ದಾರಿ ಇದೆಯಾ?
– ಒಬ್ಬ ವಿದ್ಯಾರ್ಥಿ

ಉತ್ತರ: ಡಿಎಲ್‌ಎಡ್ ಮುಗಿಸಿ ತಮ್ಮಾ, ಮಧ್ಯದಲ್ಲಿ ಬಿಡಬೇಡಿ. ಆಮೇಲೆ ಪರ್ವತಾರೋಹಣ ಕಲಿಸೋ ಸಂಸ್ಥೆಗಳಾದ ಡಾರ್ಜಿಲಿಂಗ್‌ನ ಎಚ್‌ಎಂಐ (1954ರಿಂದ ಇದೆ) ಅಥವಾ ಉತ್ತರಕಾಶಿಯ ನಿಮ್‌ನಲ್ಲಿ ಬೇಸಿಕ್ ಮೌಂಟನಿಯರಿಂಗ್ ಕೋರ್ಸ್ ಮಾಡಿ, ಸುಮಾರು ಒಂದು ತಿಂಗಳು. ಅದರಲ್ಲಿ ಎ ಗ್ರೇಡ್ ಬಂದ್ರೆ ಮಾತ್ರ ಅಡ್ವಾನ್ಸ್, ಅದರಲ್ಲೂ ಎ ಬಂದ್ರೆ ಕಲಿಸೋದನ್ನೇ ಕಲಿಸೋ ಎಂಒಐ ಕೋರ್ಸ್. ಬೆಂಗಳೂರಲ್ಲಿ ನಮ್ಮ ಸರ್ಕಾರದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ, ಅಲ್ಲೂ ವಿಚಾರಿಸಿ. 2020ರ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಗೆ ಹತ್ತು ದಿನ ಬ್ಯಾಗಿಲ್ಲದ ಶಾಲೆ ಅಂತ ಬರೆದಿದ್ದಾರೆ, ಎಷ್ಟೋ ಕಡೆ ಆ ಹತ್ತು ದಿನ ಏನು ಮಾಡಿಸೋದು ಅಂತಾನೇ ಹೊಳೆಯಲ್ಲ, ನಿಮ್ಮ ಟ್ರೆಕ್ಕಿಂಗ್ ಹುಚ್ಚು ಅಲ್ಲಿ ಕೆಲಸಕ್ಕೆ ಬರುತ್ತೆ. ಪಶ್ಚಿಮ ಘಟ್ಟ ನಿಮ್ಮ ಹಿತ್ತಲಲ್ಲೇ ಇದೆ, ಮಳೆಗಾಲದಲ್ಲಿ ಮಾತ್ರ ಉಂಬಳದ ಬಗ್ಗೆ ಮಕ್ಕಳ ಅಮ್ಮಂದಿರಿಗೆ ಮೊದಲೇ ಹೇಳಿಬಿಡಿ.