ಗಣಕ ಪ್ರಶ್ನೋತ್ತರ: ದೊಡ್ಡ ಗ್ರಾಫಿಕ್ಸ್ ಕಾರ್ಡ್ ಕೂತ ಮೇಲೆ ಉಳಿದ ಕಾರ್ಡುಗಳಿಗೆ ಜಾಗವೆಲ್ಲಿ?

ಕೊಡಗಿನ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಡಕಿನ ಸುತ್ತ ಇರುವುದರಿಂದ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಹೊಸ ಗ್ರಾಫಿಕ್ಸ್ ಕಾರ್ಡ್ ತಂದಾಗಿದೆ, ಕ್ಯಾಬಿನೆಟ್ಟಿನಲ್ಲಿ ಕೂರಿಸಿಯೂ ಆಗಿದೆ, ಆದರೆ ಮೊದಲಿನಿಂದ ದುಡಿಯುತ್ತಿದ್ದ ಕಾರ್ಡಿಗೆ ಈಗ ಸ್ಲಾಟ್ (ಮದರ್‌ಬೋರ್ಡಿನಲ್ಲಿ ಕಾರ್ಡ್ ಸಿಕ್ಕಿಸುವ ಜಾಗ) ಇಲ್ಲ ಎಂಬುದು ಎಲ್ಲರ ದೂರು.

ಪ್ರಶ್ನೆ: ಹಾಕಿ ಪಂದ್ಯಾವಳಿಗಳನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡುವುದು ನಮ್ಮ ಕೆಲಸ. ಮೈಕ್ರೋ ಎಟಿಎಕ್ಸ್ ಮದರ್‌ಬೋರ್ಡಿನ ಕಂಪ್ಯೂಟರಿನಲ್ಲಿ ನಾಲ್ಕು ಕ್ಯಾಮೆರಾಗಳ ಚಿತ್ರವನ್ನು ಕಂಪ್ಯೂಟರಿಗೆ ತರುವ ಕ್ಯಾಪ್ಚರ್ ಕಾರ್ಡ್ ಮತ್ತು ಒಂದು ಸೌಂಡ್ ಕಾರ್ಡ್ ಇದ್ದವು. ಈಗ ಮೂರು ಸ್ಲಾಟ್ ದಪ್ಪದ ಗ್ರಾಫಿಕ್ಸ್ ಕಾರ್ಡ್ ತಂದಿದ್ದೇವೆ. ಸೌಂಡ್ ಕಾರ್ಡಿನ ಸ್ಲಾಟ್ ಅದರ ಅಡಿಯಲ್ಲಿ ಮುಚ್ಚಿಹೋಗಿದೆ. ಕ್ಯಾಪ್ಚರ್ ಕಾರ್ಡ್ ತೀರಾ ಕೆಳಗಿನ ಸ್ಲಾಟಿನಲ್ಲಿ ಕೂರುತ್ತದೆ, ಆದರೆ ಗ್ರಾಫಿಕ್ಸ್ ಕಾರ್ಡಿನ ಫ್ಯಾನಿಗೆ ತಾಗುವಷ್ಟು ಹತ್ತಿರ. ಹೀಗೇ ಓಡಿಸಬಹುದೇ?
— ನಾಪೋಕ್ಲುವಿನ ಓದುಗರು

ಉತ್ತರ: ಹೀಗೆ ಓಡಿಸಬೇಡಿ. ಕಾರಣವನ್ನು ಅಳತೆಯಿಂದಲೇ ನೋಡೋಣ. ಮದರ್‌ಬೋರ್ಡಿನಲ್ಲಿ ಒಂದು ಸ್ಲಾಟಿನಿಂದ ಮುಂದಿನ ಸ್ಲಾಟಿಗೆ ಇರುವ ಅಂತರ 20.32 ಮಿಲಿಮೀಟರ್. ದೊಡ್ಡ ಗಾತ್ರದ ಎಟಿಎಕ್ಸ್ ಬೋರ್ಡಿನಲ್ಲಿ ಇಂಥ ಏಳು ಸ್ಥಾನಗಳಿಗೆ ಅವಕಾಶವಿದ್ದರೆ ನಿಮ್ಮ ಚಿಕ್ಕ ಗಾತ್ರದ ಮೈಕ್ರೋ ಎಟಿಎಕ್ಸ್‌ನಲ್ಲಿ ಇರುವುದು ನಾಲ್ಕೇ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಮೇಲಿನ ಮೂರನ್ನೂ ನುಂಗಿರುವುದರಿಂದ ನಾಲ್ಕನೆಯದರಲ್ಲಿ ಕೂರುವ ಯಾವುದೇ ಕಾರ್ಡ್ ಫ್ಯಾನುಗಳ ಬಾಯಿಗೆ ಅಡ್ಡವಾಗಿ, ಕೆಲವೇ ಮಿಲಿಮೀಟರ್ ದೂರದಲ್ಲಿ ನಿಲ್ಲುತ್ತದೆ. ಫ್ಯಾನು ಎಳೆಯಬೇಕಾದ ಗಾಳಿ ಆ ಕಿರಿದಾದ ಸಂದಿಯಿಂದಲೇ ಬರಬೇಕು. ಮನೆಯಲ್ಲಿ ಅರ್ಧ ಗಂಟೆ ಪರೀಕ್ಷೆ ಮಾಡಿದಾಗ ತೊಂದರೆ ಕಾಣಿಸದೇ ಇರಬಹುದು. ಆದರೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಮೈದಾನದ ಬದಿಯ ಶಾಮಿಯಾನದ ಕೆಳಗೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಡುವಿಲ್ಲದೆ ಓಡುವಾಗ ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಮತ್ತು ಕ್ಯಾಪ್ಚರ್ ಕಾರ್ಡಿಗೆ ತನ್ನದೇ ಫ್ಯಾನ್ ಇಲ್ಲದಿದ್ದರೆ ಮೇಲಿನ ಕಾವೆಲ್ಲ ಅದರ ಪಾಲಿಗೆ ಬರುತ್ತದೆ. ಎರಡು ಕಾರ್ಡುಗಳ ನಡುವೆ ಕನಿಷ್ಠ ಒಂದು ಸ್ಲಾಟಿನಷ್ಟು ಜಾಗ ಖಾಲಿ ಇರಬೇಕೆಂಬುದು ನನ್ನ ಲೆಕ್ಕ.

ಕ್ಯಾಪ್ಚರ್ ಕಾರ್ಡನ್ನು ಬೇರೆ ಯಾವುದಾದರೂ ಚಿಕ್ಕ ಸ್ಲಾಟಿಗೆ ಸಾಗಿಸಿದರಾಯಿತು ಎಂದು ಕೆಲವರು ನಿಮಗೆ ಹೇಳಬಹುದು. ಅದರಲ್ಲಿ ಇನ್ನೊಂದು ತೊಡಕಿದೆ. ಪೂರ್ಣ ಎಚ್‌ಡಿ ಗಾತ್ರದ, ಸೆಕೆಂಡಿಗೆ 60 ಚೌಕಟ್ಟುಗಳ ಒಂದು ಕ್ಯಾಮೆರಾದ ಚಿತ್ರ ಕುಗ್ಗಿಸದ ಸ್ಥಿತಿಯಲ್ಲಿ, ಒಂದು ಬಿಂದುವಿಗೆ ಎರಡು ಬೈಟ್‌ಗಳಂತೆ ಬಂದರೆ, ಸೆಕೆಂಡಿಗೆ ಸುಮಾರು 249 ಮೆಗಾಬೈಟ್ ಆಗುತ್ತದೆ. ನಾಲ್ಕು ಕ್ಯಾಮೆರಾಗಳಿಗೆ ಹೆಚ್ಚುಕಡಿಮೆ ಒಂದು ಗಿಗಾಬೈಟ್. ಪಿಸಿಐ ಎಕ್ಸ್‌ಪ್ರೆಸ್‌ನ (ಈ ಸ್ಲಾಟುಗಳು ಬಳಸುವ ಸಂಪರ್ಕ ವ್ಯವಸ್ಥೆ) ಎರಡನೆಯ ತಲೆಮಾರಿನ ಒಂದು ಲೇನ್, ಅಂದರೆ ದತ್ತಾಂಶ ಸಾಗುವ ಒಂದು ದಾರಿ, ಸೆಕೆಂಡಿಗೆ 500 ಮೆಗಾಬೈಟ್ ಮಾತ್ರ ಸಾಗಿಸಬಲ್ಲದು. ಮೂರನೆಯ ತಲೆಮಾರಿನದು ಸುಮಾರು 985 ಮೆಗಾಬೈಟ್, ನಾಲ್ಕನೆಯದು ಅದರ ಇಮ್ಮಡಿ. ಸ್ಲಾಟ್ ಎಷ್ಟೇ ಹೊಸದಾಗಿದ್ದರೂ ಕಾರ್ಡ್ ಹಳೆಯದಾಗಿದ್ದರೆ ಓಡುವುದು ಕಾರ್ಡಿನ ವೇಗದಲ್ಲೇ. ಹೀಗಾಗಿ ಎರಡನೆಯ ತಲೆಮಾರಿನ, ನಾಲ್ಕು ಲೇನ್‌ಗಳ ಕ್ಯಾಪ್ಚರ್ ಕಾರ್ಡನ್ನು ಒಂದೇ ಲೇನ್ ಇರುವ ಸ್ಲಾಟಿಗೆ ಪರಿವರ್ತಕ ಹಾಕಿ ಜೋಡಿಸಿದರೆ ಒಂದು ಕ್ಯಾಮೆರಾ ಸರಿಯಾಗಿ ಬಂದೀತು, ಎರಡನೆಯದು ಬಂದರೆ ಪುಣ್ಯ, ಮೂರನೆಯದಕ್ಕೆ ದಾರಿಯೇ ಇಲ್ಲ.

ಗ್ರಾಫಿಕ್ಸ್ ಕಾರ್ಡನ್ನೇ ಕೆಳಗಿನ ಸ್ಲಾಟಿಗೆ ಇಳಿಸುವ ಯೋಚನೆಯನ್ನೂ ಬಿಡಿ. ಮೈಕ್ರೋ ಎಟಿಎಕ್ಸ್‌ನ ಕೊನೆಯ ಸ್ಥಾನದಲ್ಲಿ ಕೂತ ದಪ್ಪ ಕಾರ್ಡ್ ಬೋರ್ಡಿನ ಅಂಚನ್ನು ದಾಟಿ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಇರುವ ಕಡೆಗೆ ಚಾಚುತ್ತದೆ. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಅದಕ್ಕೆ ಬೇಕಾದಷ್ಟು ಕಿಂಡಿಗಳೂ ಇರುವುದಿಲ್ಲ, ಮುಂಭಾಗದ ಯುಎಸ್‌ಬಿ ಮತ್ತು ಪವರ್ ಬಟನ್ನಿನ ವೈರುಗಳು ಚುಚ್ಚುವ ಪಿನ್ನುಗಳೂ ಅದರಡಿ ಸಿಕ್ಕಿಕೊಳ್ಳುತ್ತವೆ.

ನಿಮ್ಮ ಕೆಲಸಕ್ಕೆ ಮೂರು ಸ್ಲಾಟಿನ ಕಾರ್ಡ್ ಬೇಕೇ ಎಂಬುದೇ ನನ್ನ ನಿಜವಾದ ಪ್ರಶ್ನೆ. ನೇರ ಪ್ರಸಾರದಲ್ಲಿ ಗ್ರಾಫಿಕ್ಸ್ ಕಾರ್ಡ್ ಮಾಡುವ ಮುಖ್ಯ ಕೆಲಸ ಚಿತ್ರವನ್ನು ಕುಗ್ಗಿಸಿ ಕಳಿಸುವುದು. ಅದಕ್ಕೆಂದೇ ಇರುವ ಎನ್‌ಕೋಡರ್ ಭಾಗ ಎನ್‌ವಿಡಿಯಾದ ಆರ್‌ಟಿಎಕ್ಸ್ 4060ರಲ್ಲಿಯೂ 4090ರಲ್ಲಿಯೂ ಒಂದೇ ತಲೆಮಾರಿನದು. 4090ರಲ್ಲಿ ಅಂಥವು ಎರಡಿವೆ, ಅಷ್ಟೇ. ಒಂದು ಪಂದ್ಯದ ಒಂದು ಪ್ರಸಾರಕ್ಕೆ ಒಂದು ಧಾರಾಳವಾಗಿ ಸಾಕು. ಅಂಗಡಿಯವರು ಬದಲಿಸಿಕೊಡುವುದಾದರೆ ಎರಡು ಸ್ಲಾಟ್ ದಪ್ಪದ ಕಾರ್ಡ್ ತೆಗೆದುಕೊಳ್ಳಿ. ಆಗ ಮೂರನೆಯ ಸ್ಥಾನ ಗಾಳಿಗೆ ಉಳಿದು ನಾಲ್ಕನೆಯದರಲ್ಲಿ ಕ್ಯಾಪ್ಚರ್ ಕಾರ್ಡ್ ನೆಮ್ಮದಿಯಾಗಿರುತ್ತದೆ. ಸೌಂಡ್ ಕಾರ್ಡನ್ನು ಎರಡೂ ಸಂದರ್ಭಗಳಲ್ಲಿ ಕೈಬಿಟ್ಟು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಇಟ್ಟುಕೊಳ್ಳುವುದು ಲೇಸು. ವೀಕ್ಷಕ ವಿವರಣೆಯ ಮೈಕನ್ನು ನೇರವಾಗಿ ಅದಕ್ಕೇ ಸಿಕ್ಕಿಸಬಹುದು. ಬದಲಾವಣೆ ಸಾಧ್ಯವಿಲ್ಲ ಎಂದಾದರೆ ಕ್ಯಾಬಿನೆಟ್ ಹಿಡಿಸುವುದೇ ಎಂದು ನೋಡಿಕೊಂಡು ಬೋರ್ಡನ್ನು ಎಟಿಎಕ್ಸ್‌ಗೆ ಬದಲಿಸಬೇಕಾಗುತ್ತದೆ. ಆ ಬೋರ್ಡಿನ ಉದ್ದ 305 ಮಿಲಿಮೀಟರ್, ಈಗಿರುವುದರದ್ದು 244.

ಇನ್ನೊಂದು ಮಾತನ್ನು ನೀವು ಕೇಳಿಲ್ಲವಾದರೂ ಹೇಳಬೇಕು. ಮೈದಾನದಿಂದ ಮೈದಾನಕ್ಕೆ ಕಂಪ್ಯೂಟರನ್ನು ಜೀಪಿನಲ್ಲಿ ಸಾಗಿಸುವಾಗ ಕ್ಯಾಬಿನೆಟ್ಟನ್ನು ನಿಲ್ಲಿಸಿ ಒಯ್ಯಬೇಡಿ. ಮದರ್‌ಬೋರ್ಡ್ ಅಡಿಯಲ್ಲಿ, ಕಾರ್ಡುಗಳು ಅದರ ಮೇಲೆ ನೆಟ್ಟಗೆ ನಿಂತಿರುವಂತೆ ಮಲಗಿಸಿ. ಒಂದು ಕಿಲೋಗ್ರಾಂ ದಾಟಿದ ಕಾರ್ಡ್ ಅಡ್ಡಲಾಗಿ ನೇತಾಡುತ್ತ ತೋಟದ ರಸ್ತೆಯ ಪ್ರತಿ ಗುಂಡಿಗೂ ಸ್ಲಾಟನ್ನು ಮೀಟುತ್ತದೆ. ದೂರದ ಪ್ರಯಾಣವಾದರೆ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಒಯ್ಯುವುದೇ ಸರಿ.

ಪ್ರಶ್ನೆ: ನಮ್ಮದು ಕಾಫಿ ಕ್ಯೂರಿಂಗ್ ಘಟಕ. ವೇಬ್ರಿಡ್ಜ್‌ನಿಂದ ತೂಕ ಓದಿಕೊಳ್ಳಲು ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯ ಸೀರಿಯಲ್ ಪೋರ್ಟ್ ಕಾರ್ಡ್ ಇದೆ. ಮಗನ ಒತ್ತಾಯಕ್ಕೆ ಅದೇ ಕಂಪ್ಯೂಟರನ್ನು ಹೊಸ ಮದರ್‌ಬೋರ್ಡ್ ಮತ್ತು ಗ್ರಾಫಿಕ್ಸ್ ಕಾರ್ಡ್ ಹಾಕಿ ಬದಲಿಸಲು ಹೊರಟಿದ್ದೇನೆ. ಹಳೆಯ ಕಾರ್ಡ್ ಹೊಸ ಬೋರ್ಡಿನ ಯಾವ ಸ್ಲಾಟಿಗೂ ಹಿಡಿಸುತ್ತಿಲ್ಲ.
— ಕುಶಾಲನಗರದ ಓದುಗರು

ಉತ್ತರ: ನಿಮ್ಮಲ್ಲಿರುವುದು ಹಳೆಯ ಮಾದರಿಯ ಪಿಸಿಐ ಕಾರ್ಡ್ ಇರಬೇಕು. ಪಿಸಿಐ ಎಕ್ಸ್‌ಪ್ರೆಸ್ ಅದರ ಹೆಸರನ್ನು ಉಳಿಸಿಕೊಂಡಿದ್ದರೂ ಸ್ಲಾಟ್ ಬೇರೆ, ವಿದ್ಯುತ್ ಸಂಪರ್ಕ ಬೇರೆ, ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಬಲವಂತ ಮಾಡಿ ಒತ್ತಬೇಡಿ. ಒಂದು ಲೇನ್‌ನ ಪಿಸಿಐ ಎಕ್ಸ್‌ಪ್ರೆಸ್ ಸೀರಿಯಲ್ ಕಾರ್ಡುಗಳು ಈಗಲೂ ಮಾರಾಟಕ್ಕಿವೆ. ಚಿಕ್ಕ ಕಾರ್ಡನ್ನು ದೊಡ್ಡ ಸ್ಲಾಟಿನಲ್ಲಿ ಕೂರಿಸಲು ಅಡ್ಡಿಯಿಲ್ಲವಾದ್ದರಿಂದ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ ಸಿಕ್ಕಿಕೊಂಡ ಚಿಕ್ಕ ಸ್ಲಾಟನ್ನು ಬಿಟ್ಟು ಕೆಳಗಿನ ಉದ್ದ ಸ್ಲಾಟಿನಲ್ಲೇ ಅದನ್ನು ಹಾಕಬಹುದು. ಜಾಗ ಅದಕ್ಕೂ ಇಲ್ಲದಿದ್ದರೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಸಾಕು. ತೂಕದ ಅಂಕಿ ಕಳಿಸಲು ವೇಗವೇನೂ ಬೇಡ. ಆದರೆ ಆ ಕೇಬಲನ್ನು ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದಾಗ ವಿಂಡೋಸ್ ಅದಕ್ಕೆ ಬೇರೆ ಕಾಮ್ ಸಂಖ್ಯೆ (ಸೀರಿಯಲ್ ಪೋರ್ಟನ್ನು ಗುರುತಿಸುವ ಸಂಖ್ಯೆ) ಕೊಡಬಹುದು, ಮತ್ತು ತೂಕದ ತಂತ್ರಾಂಶ ಹಳೆಯ ಸಂಖ್ಯೆಯನ್ನೇ ಹುಡುಕುತ್ತ ಕೂರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಸಂಖ್ಯೆಯನ್ನು ಹಳೆಯದಕ್ಕೆ ಹೊಂದಿಸಿ, ಕೇಬಲನ್ನು ಆ ಕಿಂಡಿಯಿಂದ ಕದಲಿಸದಂತೆ ಅಲ್ಲೇ ಒಂದು ಚೀಟಿ ಅಂಟಿಸಿಬಿಡಿ.

ಇಷ್ಟು ಹೇಳಿದ ಮೇಲೆ, ಕೊಯ್ಲಿನ ಕಾಲದಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವ ವೇಬ್ರಿಡ್ಜ್‌ನ ಕಂಪ್ಯೂಟರನ್ನು ಆಟದ ಕಂಪ್ಯೂಟರ್ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಹಳೆಯದನ್ನು ಹಾಗೆಯೇ ತೂಕಕ್ಕೆ ಬಿಟ್ಟು ಮಗನಿಗೆ ಬೇರೆಯದನ್ನು ಜೋಡಿಸಿಕೊಡಿ.

ಪ್ರಶ್ನೆ: ಮದುವೆ ವಿಡಿಯೋಗಳ ಎಡಿಟಿಂಗ್ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಎಟಿಎಕ್ಸ್ ಬೋರ್ಡಿನ ಎರಡನೆಯ ಉದ್ದ ಸ್ಲಾಟಿನಲ್ಲಿ 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಹಾಕಿದ ದಿನದಿಂದ ಗ್ರಾಫಿಕ್ಸ್ ಕಾರ್ಡ್ 16 ಲೇನ್ ಬದಲು 8 ಲೇನ್‌ನಲ್ಲಿ ಓಡುತ್ತಿದೆ ಎಂದು ಜಿಪಿಯು-ಝಡ್ ತಂತ್ರಾಂಶ ತೋರಿಸುತ್ತಿದೆ. ಕಾರ್ಡ್ ಹಾಳಾಗಿದೆಯೇ?
— ವಿರಾಜಪೇಟೆಯ ಓದುಗರು

ಉತ್ತರ: ಹಾಳಾಗಿಲ್ಲ. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸ್‌ಗೆಂದು ಮೀಸಲಿರುವುದು 16 ಲೇನ್‌ಗಳು. ಕೆಲವು ಬೋರ್ಡುಗಳಲ್ಲಿ ಮೊದಲ ಎರಡು ಉದ್ದ ಸ್ಲಾಟುಗಳು ಇವನ್ನೇ ಹಂಚಿಕೊಳ್ಳುತ್ತವೆ. ಎರಡನೆಯದರಲ್ಲಿ ಏನನ್ನೇ ಕೂರಿಸಿದರೂ, ಅದು ಒಂದೇ ಲೇನ್‌ನ ಕಾರ್ಡಾಗಿದ್ದರೂ, ಬೋರ್ಡ್ ಎಂಟೆಂಟಾಗಿ ಪಾಲು ಮಾಡಿಬಿಡುತ್ತದೆ. ನಾಲ್ಕನೆಯ ತಲೆಮಾರಿನ 8 ಲೇನ್‌ಗಳ ಸಾಮರ್ಥ್ಯ ಮೂರನೆಯ ತಲೆಮಾರಿನ 16 ಲೇನ್‌ಗಳಿಗೆ ಸಮ, ಅಂದರೆ ಸೆಕೆಂಡಿಗೆ ಸುಮಾರು 16 ಗಿಗಾಬೈಟ್. ಎಡಿಟಿಂಗ್‌ನಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ. ಆರ್‌ಟಿಎಕ್ಸ್ 4060ರಂತಹ ಕಾರ್ಡುಗಳಿಗೆ ತಯಾರಕರೇ 8 ಲೇನ್ ಮಾತ್ರ ಕೊಟ್ಟಿದ್ದಾರೆ ಎಂಬುದನ್ನೂ ಗಮನಿಸಿ. ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿಗಂತೂ ನಾಲ್ಕೇ ಲೇನ್, ಅದನ್ನು ಮೂರನೆಯ ತಲೆಮಾರಿನ ಹಳೆಯ ಬೋರ್ಡಿನಲ್ಲಿ ಹಾಕಿದಾಗ ಮಾತ್ರ ಪೆಟ್ಟು ಗೊತ್ತಾಗುತ್ತದೆ.

ಆದರೂ ಆ ಹಂಚಿಕೆ ನಿಮಗೆ ಅನಗತ್ಯ. 10 ಗಿಗಾಬಿಟ್ ಎಂದರೆ ಸೆಕೆಂಡಿಗೆ 1.25 ಗಿಗಾಬೈಟ್. ಪ್ರೊಸೆಸರಿನ ಬದಲು ಬೋರ್ಡಿನ ಚಿಪ್‌ಸೆಟ್‌ನಿಂದ ಲೇನ್ ಪಡೆಯುವ, ಮೂರನೆಯ ತಲೆಮಾರಿನ ನಾಲ್ಕು ಲೇನ್‌ಗಳ ಸ್ಲಾಟ್ ಅದರ ಮೂರು ಪಟ್ಟು ಸಾಗಿಸುತ್ತದೆ. ಅಂಥ ಸ್ಲಾಟ್ ಬಹುತೇಕ ಎಟಿಎಕ್ಸ್ ಬೋರ್ಡುಗಳ ಕೆಳತುದಿಯಲ್ಲಿ ಇರುತ್ತದೆ. ಹೊರಗಿನಿಂದ ಎಲ್ಲ ಉದ್ದ ಸ್ಲಾಟುಗಳೂ ಒಂದೇ ರೀತಿ ಕಂಡರೂ ಒಳಗೆ ಟಾರ್ಚ್ ಬಿಟ್ಟು ನೋಡಿ: ಅನೇಕ ಬೋರ್ಡುಗಳಲ್ಲಿ ಹೊಳೆಯುವ ಪಿನ್ನುಗಳು ಹಿಂಬದಿಯ ಕಡೆಯ ಒಂದು ಭಾಗಕ್ಕೆ ಮುಗಿದು, ಉಳಿದ ಉದ್ದಕ್ಕೂ ಬರಿಯ ಪ್ಲಾಸ್ಟಿಕ್ ಇರುತ್ತದೆ. ಪಿನ್ನುಗಳು ತುದಿಯವರೆಗೆ ಇದ್ದರೆ ಪೂರ್ತಿ 16, ಅರ್ಧಕ್ಕೆ ನಿಂತರೆ 8, ಅದಕ್ಕೂ ಮೊದಲೇ ಮುಗಿದರೆ 4. ಕಾರ್ಡನ್ನು ಅಲ್ಲಿಗೆ ಸಾಗಿಸುವ ಮೊದಲು ಬೋರ್ಡಿನ ಕೈಪಿಡಿಯಲ್ಲಿ ಆ ಸ್ಲಾಟಿನ ಕೆಳಗೆ ಬರೆದಿರುವ ಟಿಪ್ಪಣಿ ಓದಿಕೊಳ್ಳಿ. ಕೆಲವು ಬೋರ್ಡುಗಳಲ್ಲಿ ಆ ಸ್ಲಾಟ್ ಬಳಸಿದರೆ ಒಂದು ಎಂ.2 ಎಸ್‌ಎಸ್‌ಡಿ ಅಥವಾ ಹಾರ್ಡ್‌ಡಿಸ್ಕ್ ಜೋಡಿಸುವ ಒಂದೆರಡು ಸಾಟಾ ಪೋರ್ಟುಗಳು ಸ್ತಬ್ಧವಾಗುತ್ತವೆ. ಮದುವೆಯ ದೃಶ್ಯಗಳಿರುವ ಹಾರ್ಡ್‌ಡಿಸ್ಕ್ ಇದ್ದಕ್ಕಿದ್ದಂತೆ ಕಾಣೆಯಾಯಿತೆಂದು ಗಾಬರಿಯಾಗುವುದು ಆಗಲೇ. ಜಿಪಿಯು-ಝಡ್ ಅಂಕಿಗಳನ್ನು ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಕೊಟ್ಟಿರುವಾಗಲೇ ನೋಡಬೇಕು. ಸುಮ್ಮನಿರುವಾಗ ವಿದ್ಯುತ್ ಉಳಿಸಲು ಅದು ಹಳೆಯ ತಲೆಮಾರಿನ ವೇಗಕ್ಕೆ ಇಳಿದಿರುತ್ತದೆ.

ಪ್ರಶ್ನೆ: ಗ್ರಾಫಿಕ್ಸ್ ಕಾರ್ಡನ್ನು ರೈಸರ್ ಕೇಬಲ್ (ಸ್ಲಾಟಿನಿಂದ ದೂರವಿರುವ ಕಾರ್ಡಿಗೆ ಸಂಪರ್ಕ ಕೊಡುವ ಕೇಬಲ್) ಮೂಲಕ ಗಾಜಿನ ಬದಿಗೆ ನೆಟ್ಟಗೆ ನಿಲ್ಲಿಸಿದರೆ ಕೆಳಗಿನ ಸ್ಲಾಟುಗಳೆಲ್ಲ ಖಾಲಿಯಾಗುತ್ತವಲ್ಲವೇ?
— ಮಡಿಕೇರಿಯ ಓದುಗರು

ಉತ್ತರ: ಬೋರ್ಡಿನ ಮೇಲಿನ ಸ್ಲಾಟುಗಳು ಖಾಲಿಯಾಗುತ್ತವೆ, ಆದರೆ ನೆಟ್ಟಗೆ ನಿಂತ ಕಾರ್ಡ್ ಅವುಗಳೆದುರು ಗೋಡೆಯಂತೆ ನಿಲ್ಲುವುದರಿಂದ ಎತ್ತರದ ಕಾರ್ಡನ್ನು ಒಳಗೆ ಕೂರಿಸಲಾಗುವುದಿಲ್ಲ. ಹಿಂಬದಿಯ ಕಿಂಡಿಗಳನ್ನು ನೆಟ್ಟಗಿನ ಚೌಕಟ್ಟೇ ತೆಗೆದುಕೊಳ್ಳುವ ಕ್ಯಾಬಿನೆಟ್ಟುಗಳೂ ಇವೆ. ಗಿಡ್ಡ ಗಾತ್ರದ ಕಾರ್ಡ್ ಒಂದಿದ್ದರೆ ಪ್ರಯತ್ನಿಸಬಹುದು. ರೈಸರ್ ಕೇಬಲ್ ಮೂರನೆಯ ತಲೆಮಾರಿನದಾಗಿದ್ದು ಬೋರ್ಡ್ ಮತ್ತು ಕಾರ್ಡ್ ನಾಲ್ಕನೆಯದಾಗಿದ್ದರೆ ಪರದೆ ಕಪ್ಪಾಗುವುದು, ಆಟದ ನಡುವೆ ನಿಂತುಹೋಗುವುದು ಮುಂತಾದ ತಕರಾರುಗಳು ಬರುತ್ತವೆ. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಆ ಸ್ಲಾಟಿನ ವೇಗವನ್ನು ಮೂರನೆಯ ತಲೆಮಾರಿಗೆ ನಿಗದಿ ಮಾಡಿದರೆ ಹೆಚ್ಚಿನವು ನಿಲ್ಲುತ್ತವೆ. ಕಾರ್ಡಿನ ಫ್ಯಾನುಗಳಿಗೂ ಗಾಜಿಗೂ ನಡುವೆ ಎರಡು ಬೆರಳಿನಷ್ಟಾದರೂ ಸಂದಿ ಇರದಿದ್ದರೆ ಈ ಅಲಂಕಾರ ಬೇಡ.

ಪ್ರಶ್ನೆ: ಮಳೆಗಾಲದ ನಂತರ ನಮ್ಮ ಮನೆಯ ಕಂಪ್ಯೂಟರ್ ಹಚ್ಚಿದರೆ ಗ್ರಾಫಿಕ್ಸ್ ಕಾರ್ಡೂ ಕಾಣುವುದಿಲ್ಲ, ಪಕ್ಕದ ವೈಫೈ ಕಾರ್ಡೂ ಕಾಣುವುದಿಲ್ಲ. ಬಿಚ್ಚಿ ಮತ್ತೆ ಕೂರಿಸಿದರೆ ಕೆಲವು ದಿನ ಸರಿಯಿರುತ್ತದೆ.
— ಭಾಗಮಂಡಲದ ಓದುಗರು

ಉತ್ತರ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಕಾರ್ಡಿನ ಅಂಚಿನ ಸಂಪರ್ಕ ಪಟ್ಟಿಗಳ ಮೇಲೆ ತೇವ ಮತ್ತು ಧೂಳು ಸೇರಿ ತೆಳುವಾದ ಪೊರೆ ಕಟ್ಟುವುದು ಸಹಜ. ಬಿಚ್ಚಿ ಕೂರಿಸಿದಾಗ ಪೊರೆ ಸ್ವಲ್ಪ ಉಜ್ಜಿಹೋಗಿ ಸರಿಯಾಗುತ್ತದೆ. ವೈರನ್ನು ಗೋಡೆಯಿಂದ ಕಿತ್ತು, ಕಾರ್ಡುಗಳನ್ನು ತೆಗೆದು, ಬಂಗಾರದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ನೂಲುದುರದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಕೂರಿಸಿ. ಸ್ಲಾಟಿನೊಳಗೆ ಬಟ್ಟೆ ತುರುಕಬೇಡಿ, ಬ್ರಷ್ ಆಡಿಸಿದರೆ ಸಾಕು. ಖಾಲಿ ಸ್ಲಾಟುಗಳಿಗೂ ಕ್ಯಾಬಿನೆಟ್ಟಿನ ಹಿಂಬದಿಯ ಕಿಂಡಿಗಳಿಗೂ ಮುಚ್ಚಳ ಹಾಕಿಡಿ. ಕಾರ್ಡ್ ಬಿಚ್ಚಿದವರು ಹಿಂಬದಿಯ ತಗಡಿನ ಪಟ್ಟಿಯನ್ನು ಮತ್ತೆ ಹಾಕದೇ ಬಿಡುವುದು ಸಾಮಾನ್ಯ, ಹಲ್ಲಿಯೂ ಇರುವೆಯೂ ಒಳಬರುವುದು ಆ ದಾರಿಯಲ್ಲೇ. ತಿಂಗಳುಗಟ್ಟಲೆ ಆರಿಸಿಡುವ ಕಂಪ್ಯೂಟರಿಗಿಂತ ದಿನಕ್ಕೆ ಒಂದಿಷ್ಟು ಹೊತ್ತು ಓಡುವ ಕಂಪ್ಯೂಟರ್ ಮಳೆಗಾಲದಲ್ಲಿ ಚೆನ್ನಾಗಿ ಉಳಿಯುತ್ತದೆ, ಅದರ ಕಾವೇ ತೇವವನ್ನು ಓಡಿಸುತ್ತದೆ. ಗುಡುಗು ಮಿಂಚು ಇರುವಾಗ ಮಾತ್ರ ಪ್ಲಗ್ಗಿನ ಜೊತೆಗೆ ನೆಟ್‌ವರ್ಕ್ ವೈರನ್ನೂ ಕಿತ್ತಿಡಿ.

ಒರೆಸಿದ ಮೇಲೂ ತೊಂದರೆ ಮರುಕಳಿಸಿದರೆ ಗ್ರಾಫಿಕ್ಸ್ ಕಾರ್ಡ್ ಒಂದು ತುದಿಯಲ್ಲಿ ಜೋತುಬಿದ್ದಿದೆಯೇ ನೋಡಿ. ಹಾಗಿದ್ದರೆ ಅಡಿಯಲ್ಲಿ ಆಧಾರದ ಕಂಬಿ ಕೊಡಿ. ಹೆಚ್ಚುವರಿ ವಿದ್ಯುತ್ತಿನ ವೈರನ್ನೂ ಪರೀಕ್ಷಿಸಿ. ಸ್ಲಾಟಿನಿಂದ ಸಿಗುವುದು ಹೆಚ್ಚೆಂದರೆ 75 ವಾಟ್, ಎಂಟು ಪಿನ್ನಿನ ವೈರಿನಿಂದ 150 ವಾಟ್. ಆ ವೈರು ಎಸ್‌ಎಂಪಿಎಸ್‌ನಿಂದಲೇ ನೇರವಾಗಿ ಬಂದಿರಬೇಕೇ ಹೊರತು ಹಾರ್ಡ್‌ಡಿಸ್ಕಿನ ಸಾಟಾ ಪವರ್ ವೈರಿಗೆ ಪರಿವರ್ತಕ ಸಿಕ್ಕಿಸಿ ಎಳೆದದ್ದಾಗಿರಬಾರದು. ಅಂಥದ್ದು ಕಂಡರೆ ಇಂದೇ ತೆಗೆದುಹಾಕಿ.